ಬ್ಯಾಸಿಗಿ ಹಿಮದ ಮ್ಯಾಲ ಸ್ಕೀ: ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ಸಂಚಿಕೆಯಲ್ಲಿ ಮೇ–ಜೂನ್ ಹೊತ್ತಿನ ಹಿಮಾಲಯದಲ್ಲಿ, ಲಿಫ್ಟ್ ಇಲ್ಲದ ಕಡೆ ಸ್ವಂತ ಕಾಲಿನ ಮೇಲೆ ಹತ್ತಿ ಸ್ಕೀ ಮೇಲೆ ಇಳಿದು ಬರುವ ಬಗ್ಗೆ ಬರೆದಿದ್ದೆವು. ಅದಕ್ಕೆ ಹೆಚ್ಚು ಪತ್ರ ಬಂದದ್ದು ಕಲಬುರಗಿ, ಬೀದರ, ಯಾದಗಿರಿ ಕಡೆಯಿಂದಲೇ. ಮನೆಯ ಹೊರಗೆ 42 ಡಿಗ್ರಿ ಬಿಸಿಲಿರುವಾಗ ಬಂದ ಈ ಪ್ರಶ್ನೆಗಳಲ್ಲಿ ಕೆಲವಂತೂ ಬಲು ಸೂಕ್ಷ್ಮವಾಗಿವೆ. ಒಂದೇ ವಿಷಯದ ಪತ್ರಗಳನ್ನು ಕೂಡಿಸಿ ಉತ್ತರ ಕೊಟ್ಟಿದ್ದೇವೆ.

ಪ್ರಶ್ನೆ: ಮೇ ತಿಂಗಳಾಗ ಹಿಮ ಕರಗಲಿಕ್ಕೆ ಹತ್ತಿರತದ. ಅಂಥಾದರ ಮ್ಯಾಲ ಸ್ಕೀ ಹ್ಯಾಂಗ ಓಡತದ್ರಿ? ಕಾಲು ಹುಗೀತಾವಲ್ಲ? (ಕಲಬುರಗಿ)

ಉತ್ತರ: ಮಧ್ಯಾಹ್ನ ಹೋದರೆ ಹುಗಿಯುತ್ತವೆ, ನಿಮ್ಮ ಮಾತು ಖರೆ. ಬೆಳಿಗ್ಗೆ ಎರಡು ತಾಸು ಮಾತ್ರ ಅದೇ ಹಿಮ ಇಡೀ ವರ್ಷದಲ್ಲೇ ಅತಿ ಸುಲಭವಾಗಿ ತಿರುವು ಕೊಡುವ ಹಿಮವಾಗಿರುತ್ತದೆ.

ಹಗಲಿನ ಬಿಸಿಲಿಗೆ ಮೇಲಿನ ಪದರ ಕರಗಿ ನೀರು ಕಣಗಳ ನಡುವೆ ಇಳಿಯುತ್ತದೆ, ರಾತ್ರಿ ಅದೇ ನೀರು ಹೆಪ್ಪುಗಟ್ಟಿ ಕಣಗಳನ್ನು ಬೆಸೆಯುತ್ತದೆ. ಹೀಗೆ ಕರಗಿ ಹೆಪ್ಪುಗಟ್ಟಿ ಹಲವು ದಿನ ಕಳೆದ ಮೇಲೆ ಚೂಪು ಮೂಲೆಗಳೆಲ್ಲ ಹೋಗಿ ದುಂಡನೆಯ ದೊಡ್ಡ ಕಾಳುಗಳಾಗುತ್ತವೆ. ಸ್ಕೀ ಮಾಡುವವರು ಇದನ್ನು ಕಾರ್ನ್ ಸ್ನೋ ಅನ್ನುತ್ತಾರೆ. ಕೈಯಲ್ಲಿ ಹಿಡಿದು ನೋಡಿದರೆ ಜೋಳದ ನುಚ್ಚಿನ ಹಾಗೆಯೇ ಕಾಣುವುದರಿಂದ ನಾವಿಲ್ಲಿ ನುಚ್ಚು ಹಿಮ ಅಂತಲೇ ಕರೆಯುತ್ತೇವೆ. ನಸುಕಿನಲ್ಲಿ ಇದು ಕಲ್ಲಿನಂತೆ ಗಟ್ಟಿ. ಬಿಸಿಲು ಬಿದ್ದ ಮೇಲೆ ಮೇಲಿನ ಎರಡರಿಂದ ಐದು ಸೆಂಟಿಮೀಟರ್ ಸಡಿಲವಾಗುತ್ತದೆ, ಅಡಿಯಲ್ಲಿ ಹೆಪ್ಪುಗಟ್ಟಿದ ಪದರ ಇನ್ನೂ ಭಾರ ಹೊರುತ್ತಿರುತ್ತದೆ. ಇಳಿಯಬೇಕಾದದ್ದು ಈ ಹೊತ್ತಿನಲ್ಲಿ. ಅಡಿಯ ಪದರವೂ ಬಿಟ್ಟಿತೆಂದರೆ ಆಟ ಮುಗಿಯಿತು.

ಇದೆಲ್ಲ ನಿಂತಿರುವುದು ರಾತ್ರಿಯ ಆಕಾಶದ ಮೇಲೆ. ಬ್ಯಾಸಿಗಿಯಲ್ಲಿ ಮಾಳಗಿ ಮೇಲೆ ಮಲಗಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಚುಕ್ಕಿ ಕಾಣುವ ರಾತ್ರಿ ನಸುಕಿಗೆ ಹೊದಿಕೆ ಎಳೆದುಕೊಳ್ಳಬೇಕಾಗುತ್ತದೆ, ಮೋಡ ಮುಚ್ಚಿದ ರಾತ್ರಿ ಬೆಳತನಕ ಬೆವರು. ಹಿಮವೂ ಹಾಗೆಯೇ ತನ್ನ ಶಾಖವನ್ನು ತೆರೆದ ಆಕಾಶಕ್ಕೆ ಬಿಟ್ಟುಕೊಡುತ್ತದೆ. ಆಕಾಶ ಸ್ವಚ್ಛವಿದ್ದು ಗಾಳಿ ಒಣಗಿದ್ದರೆ, ಗಾಳಿಯ ಉಷ್ಣತೆ ಸೊನ್ನೆಗಿಂತ ಎರಡು ಮೂರು ಡಿಗ್ರಿ ಮೇಲಿದ್ದರೂ ಹಿಮದ ಮೈ ಹೆಪ್ಪುಗಟ್ಟುತ್ತದೆ. ಮೋಡವಿದ್ದರೆ ಸೊನ್ನೆಯ ಹತ್ತಿರ ಬಂದರೂ ಗಟ್ಟಿಯಾಗದು. ಆದ್ದರಿಂದ ರಾತ್ರಿ ಒಮ್ಮೆ ಎದ್ದು ಡೇರೆಯ ಹೊರಗೆ ಬಂದು ಚುಕ್ಕಿ ನೋಡಿ, ಬೂಟಿನ ಹಿಮ್ಮಡಿಯಿಂದ ಹಿಮವನ್ನು ಒದ್ದು ನೋಡಿ. ಹಿಮ್ಮಡಿ ಒಳಗಿಳಿದರೆ ಅಂದಿನ ಹತ್ತುವಿಕೆ ರದ್ದು ಮಾಡಿ ಮತ್ತೆ ಮಲಗಿ.

ಪ್ರಶ್ನೆ: ರಾತ್ರಿ ಎರಡಕ್ಕೆ ಏಳಬೇಕು ಅಂತ ಬರೆದಿದ್ದೀರಿ. ಐದು ಗಂಟೆಗೆ, ಬೆಳಕಾದ ಮೇಲೆ ಹೊರಟರೆ ಏನು ತಪ್ಪು? (ಬೀದರ)

ಉತ್ತರ: ಹೊರಡುವ ಹೊತ್ತನ್ನು ಮುಂದಕ್ಕೆ ಎಣಿಸಬಾರದು, ಇಳಿಯುವ ಹೊತ್ತಿನಿಂದ ಹಿಂದಕ್ಕೆ ಎಣಿಸಬೇಕು. ಮನಾಲಿ ಮೇಲಿನ ಕಣಿವೆಗಳಲ್ಲಿ 3,600 ಮೀಟರಿನಲ್ಲಿ ನಿಮ್ಮ ಡೇರೆ, 4,400 ಮೀಟರಿನಲ್ಲಿ ಪೂರ್ವಕ್ಕೆ ಮುಖ ಮಾಡಿದ ಇಳಿಜಾರಿನ ತಲೆ ಅಂತ ಇಟ್ಟುಕೊಳ್ಳಿ. ಮೇ ಕೊನೆಗೆ ಅಲ್ಲಿ ಐದೂವರೆಗೆಲ್ಲ ಬಿಸಿಲು ಬೀಳುತ್ತದೆ. ಎಂಟು, ಎಂಟೂವರೆಗೆ ಹಿಮ ಹದಕ್ಕೆ ಬರುತ್ತದೆ. ಆ ಎತ್ತರದಲ್ಲಿ ಬಯಲು ಸೀಮೆಯವರು ತಾಸಿಗೆ 200ರಿಂದ 250 ಮೀಟರ್ ಎತ್ತರ ಗಳಿಸಿದರೆ ಅದೇ ಒಳ್ಳೆಯ ವೇಗ. ಅಂದರೆ 800 ಮೀಟರಿಗೆ ಮೂರೂಕಾಲರಿಂದ ನಾಲ್ಕು ತಾಸು. ಬೂಟಿನಡಿಗೆ ಉಕ್ಕಿನ ಹಲ್ಲುಗಳ ಕ್ರಾಂಪಾನ್ ಕಟ್ಟುವುದು, ಬಿಚ್ಚುವುದು, ಹತ್ತಲೆಂದು ಸ್ಕೀ ಅಡಿಗೆ ಅಂಟಿಸಿದ ಪಟ್ಟಿ, ಅಂದರೆ ಸ್ಕಿನ್ ತೆಗೆಯುವುದು ಎಲ್ಲ ಸೇರಿ ಅರ್ಧ ತಾಸು. ಮೂರೂವರೆಗೆ ಕಾಲು ಹಿಮದ ಮೇಲಿರಬೇಕು. ಹಿಮ ಕರಗಿಸಿ ನೀರು ಕಾಯಿಸಿ, ಚಾ ಕುಡಿದು, ಬೂಟು ಕಟ್ಟುವುದಕ್ಕೆ ಒಂದೂವರೆ ತಾಸು ಬೇಕು. ಎರಡು ಗಂಟೆ ಎಂಬ ಲೆಕ್ಕ ಬಂದದ್ದು ಹೀಗೆ.

ಐದಕ್ಕೆ ಹೊರಟವರು ತಲೆ ಮುಟ್ಟುವಾಗ ಒಂಬತ್ತು ದಾಟಿರುತ್ತದೆ. ಪೂರ್ವದ ಇಳಿಜಾರು ಆಗಲೇ ನಾಲ್ಕು ತಾಸು ಬಿಸಿಲು ಕುಡಿದಿರುತ್ತದೆ. ಅದರ ಗುರುತುಗಳು ಕಣ್ಣಿಗೆ ಬೀಳುತ್ತವೆ. ಮೊದಲು ಬಂಡೆಗಳ ಬುಡದಿಂದ ನಿಂಬೆಹಣ್ಣಿನ ಗಾತ್ರದ ಹಿಮದ ಉಂಡೆಗಳು ಉರುಳುತ್ತವೆ. ಉರುಳುತ್ತ ದೊಡ್ಡವಾಗುತ್ತ, ತಟ್ಟೆಯ ಹಾಗೆ ಅಂಚಿನ ಮೇಲೆ ನಿಂತು ಓಡತೊಡಗುತ್ತವೆ. ಒಂದು ಹಿಡಿ ಹಿಮ ಹಿಂಡಿದರೆ ಬೆರಳ ಸಂದಿಯಿಂದ ನೀರು ತೊಟ್ಟಿಕ್ಕುತ್ತದೆ. ಸ್ಕೀ ಬಿಚ್ಚಿ ನಿಂತರೆ ಬೂಟು ಹರಡಿನ ತನಕ ಮುಳುಗುತ್ತದೆ. ಇವುಗಳಲ್ಲಿ ಒಂದು ಕಂಡರೂ ಕಡಿದಾದ ಜಾಗ ಬಿಟ್ಟುಬಿಡಬೇಕು. ಮೇಲೆ ಬಂಡೆಗೋಡೆ ಇದ್ದರೆ ರಾತ್ರಿ ಮಂಜುಗಡ್ಡೆ ಹಿಡಿದಿಟ್ಟ ಕಲ್ಲುಗಳು ಅದೇ ಹೊತ್ತಿಗೆ ಸಡಿಲುತ್ತವೆ.

ಬೇಗ ಹೋಗುವುದರಲ್ಲೂ ಅಪಾಯ ಇದೆ, ಅದನ್ನು ಬರೆಯುವವರು ಕಡಿಮೆ. ಆರು ಗಂಟೆಗೆ ತಲೆ ಮುಟ್ಟಿ ತಕ್ಷಣ ಇಳಿಯಲು ಹೋದರೆ ಕೆಳಗಿರುವುದು ಗಾಜಿನಂಥ ಮೈ. 35 ಡಿಗ್ರಿ ಇಳಿಜಾರಿನಲ್ಲಿ ಅದರ ಮೇಲೆ ಬಿದ್ದವರು ಕೆಳಗಿನ ಬಂಡೆ ಸಿಗುವ ತನಕ ನಿಲ್ಲುವುದಿಲ್ಲ. ದಪ್ಪ ಜಾಕೆಟ್ ಹಾಕಿಕೊಂಡು ಕೂತು ಕಾಯಿರಿ. ಪ್ರತಿ ಹತ್ತು ನಿಮಿಷಕ್ಕೆ ಕೋಲಿನ ಮೊನೆಯಿಂದ ಗೀರಿ ನೋಡಿ. ಮೊನೆ ಜಾರುವುದು ಬಿಟ್ಟು ನುಚ್ಚು ಎಬ್ಬಿಸತೊಡಗಿದಾಗ ಹೊರಡಿ.

ಇನ್ನೊಂದು ಮಾತು. ಎಲ್ಲೇ ಇರಿ, ಎಂಟೂವರೆಗೆ ಹಿಂತಿರುಗುತ್ತೇವೆ ಎಂದು ಹಿಂದಿನ ಸಂಜೆಯೇ ಎಲ್ಲರೂ ಒಪ್ಪಿರಬೇಕು. ತಲೆ 50 ಮೀಟರ್ ಮೇಲೆ ಕಾಣುತ್ತಿದ್ದರೂ ಸರಿ. ದಾರಿಯಲ್ಲಿ ಹಳ್ಳ ಇದ್ದರೆ ಅದನ್ನೂ ಲೆಕ್ಕಕ್ಕೆ ಹಿಡಿಯಿರಿ: ಹಿಮ ಕರಗಿದ ನೀರು ನಸುಕಿನಲ್ಲಿ ಕಡಿಮೆ, ಮಧ್ಯಾಹ್ನದಿಂದ ಸಂಜೆವರೆಗೆ ಹೆಚ್ಚು. ಬೆಳಿಗ್ಗೆ ಕಲ್ಲಿನಿಂದ ಕಲ್ಲಿಗೆ ಹಾರಿ ದಾಟಿದ ಹಳ್ಳ ಸಂಜೆಗೆ ತೊಡೆ ಮಟ್ಟ ಬಂದಿರುತ್ತದೆ, ನೀರಿನ ಮೇಲೆ ಉಳಿದ ಹಿಮದ ಸೇತುವೆಯೂ ಆ ಹೊತ್ತಿಗೆ ತೆಳ್ಳಗಾಗಿರುತ್ತದೆ.

ಪ್ರಶ್ನೆ: ಉತ್ತರಕ್ಕೆ ಮುಖವಿರುವ ಇಳಿಜಾರು ನೆರಳಿನಲ್ಲಿರುತ್ತದೆ, ಅಲ್ಲಿ ಮಧ್ಯಾಹ್ನವೂ ಹೋಗಬಹುದು ಎಂದು ಯುರೋಪಿನವರು ಹೇಳುವುದನ್ನು ಕೇಳಿದ್ದೇನೆ. ಹಿಮಾಲಯಕ್ಕೂ ಇದು ಅನ್ವಯಿಸುತ್ತದೆಯೇ? (ಯಾದಗಿರಿ, ಭೂಗೋಳ ಶಿಕ್ಷಕರು)

ಉತ್ತರ: ಚಳಿಗಾಲಕ್ಕೆ ಅನ್ವಯಿಸುತ್ತದೆ, ಜೂನಿಗೆ ಇಲ್ಲ. ಸರ, ಲೆಕ್ಕ ನಿಮ್ಮ ವಿಷಯದ್ದೇ. ಮನಾಲಿ ಸುಮಾರು 32 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಜೂನ್ 21ರ ನಡುಮಧ್ಯಾಹ್ನ ಅಲ್ಲಿ ಸೂರ್ಯ ದಿಗಂತದಿಂದ 81 ಡಿಗ್ರಿಗೂ ಮೇಲೆ ಇರುತ್ತಾನೆ, ಅಂದರೆ ಹೆಚ್ಚುಕಡಿಮೆ ನೆತ್ತಿಯ ಮೇಲೆ. 46 ಡಿಗ್ರಿಯ ಆಲ್ಪ್ಸ್‌ನಲ್ಲಿ ಅದೇ ಹೊತ್ತಿಗೆ 67 ಡಿಗ್ರಿ. ಆದ್ದರಿಂದ ಹಿಮಾಚಲದಲ್ಲಿ ಉತ್ತರಕ್ಕೆ 30 ಡಿಗ್ರಿ ಬಾಗಿದ ಇಳಿಜಾರಿಗೂ ಸಮತಟ್ಟಾದ ನೆಲಕ್ಕೆ ಬೀಳುವ ನೇರ ಬಿಸಿಲಿನ ಮುಕ್ಕಾಲು ಪಾಲಿಗಿಂತ ಹೆಚ್ಚು ಬೀಳುತ್ತದೆ. ನೆರಳು ಎಂದು ನಂಬುವ ಹಾಗಿಲ್ಲ. ಪೂರ್ವ ಮೊದಲು ಹದಕ್ಕೆ ಬರುತ್ತದೆ, ಪಶ್ಚಿಮ ಕೊನೆಗೆ, ಈ ಸರದಿ ಮಾತ್ರ ಇಲ್ಲಿಯೂ ನಡೆಯುತ್ತದೆ. ಉಳಿದಂತೆ ದಿಕ್ಕಿಗಿಂತ ಎತ್ತರ ಮತ್ತು ಹಿಂದಿನ ರಾತ್ರಿಯ ಹೆಪ್ಪನ್ನೇ ಹೆಚ್ಚು ನಂಬಿ.

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಟೂರಿಂಗ್ ಸ್ಕೀ, ಸ್ಕಿನ್, ಬೂಟು ತಗೊಂಡೀನ್ರಿ. ಹನ್ನೊಂದು ತಿಂಗಳು ಸೇಡಂದಾಗ ತಗಡಿನ ಶೆಡ್ಡಿನಾಗೇ ಇರತಾವ. ಈ ವರ್ಷ ಸ್ಕಿನ್ ಬಿಚ್ಚಿದ್ರ ಅಂಟು ಎಲ್ಲಾ ಎಳಿ ಎಳಿ ಬಂತು. ಯಾಕ? (ಸೇಡಂ)

ಉತ್ತರ: ಅಂಟು ಬೆಂದಿದೆ. ಹತ್ತುವಾಗ ಸ್ಕೀ ಹಿಂದಕ್ಕೆ ಜಾರದಂತೆ ಅಡಿಗೆ ಅಂಟಿಸುವ ಪಟ್ಟಿಯೇ ಸ್ಕಿನ್. ಒಂದು ಮೈ ಕೂದಲು, ಇನ್ನೊಂದು ಮೈ ಅಂಟು. ಆ ಅಂಟು ಮತ್ತೆ ಮತ್ತೆ ಹಚ್ಚಿ ಬಿಚ್ಚಲೆಂದು ಮಾಡಿದ್ದು, ಬಿಸಿಗೆ ಮೆತ್ತಗಾಗುತ್ತದೆ. ಬ್ಯಾಸಿಗಿಯಲ್ಲಿ ನಿಮ್ಮ ತಗಡಿನ ಶೆಡ್ಡಿನ ಒಳಗೆ ಹೊರಗಿನ ಬಿಸಿಲಿಗಿಂತಲೂ ಹೆಚ್ಚು ಕಾವು. ಅಂಟಿಗೆ ಅಂಟು ಸೇರಿಸಿ ಮಡಚಿಟ್ಟಿದ್ದರೆ ಎರಡೂ ಕರಗಿ ಒಂದಾಗುತ್ತವೆ.

ಉಳಿದದ್ದನ್ನು ಉಳಿಸಬಹುದೇ ನೋಡಿ. ಸ್ಕಿನ್ನನ್ನು ಹಲಗೆಯ ಮೇಲೆ ಅಂಟಿನ ಮೈ ಮೇಲಾಗಿ ಚಾಚಿ ಕಟ್ಟಿ. ಅದರ ಮೇಲೆ ಅಂಟು ಹಿಡಿಯದ ಬೇಕಿಂಗ್ ಕಾಗದ ಹಾಸಿ, ಇಸ್ತ್ರಿಪೆಟ್ಟಿಗೆಯನ್ನು ಅತಿ ಕಡಿಮೆ ಕಾವಿಗಿಟ್ಟು ಒಮ್ಮೆ ನಿಧಾನಕ್ಕೆ ಎಳೆಯಿರಿ. ಗಂಟುಗಂಟಾದ ಅಂಟು ಸಮನಾಗಿ ಹರಡುತ್ತದೆ. ಪೂರ್ತಿ ತಣ್ಣಗಾದ ಮೇಲೆ ಕಾಗದ ಬಿಡಿಸಿ. ಸ್ಕೀಗೆ ಅಂಟಿಸಿ ಕಿತ್ತಾಗ ಅಡಿಯಲ್ಲಿ ಅಂಟಿನ ಕಲೆ ಉಳಿದರೆ ಈ ಉಪಾಯ ಸಾಲದು. ಹಳೆಯದನ್ನೆಲ್ಲ ತೆಗೆದು ಹೊಸ ಅಂಟು ಹಚ್ಚಬೇಕು, ಇಲ್ಲವೇ ಹೊಸ ಸ್ಕಿನ್ ಕೊಳ್ಳಬೇಕು.

ಮುಂದೆ ಇಡುವಾಗ ನೆರಳಿನಲ್ಲಿ ಒಣಗಿಸಿ. ಬಿಸಿಲಿಗೆ, ಒಲೆಯ ಹತ್ತಿರ ಬೇಡ. ಅಂಟಿನ ಮೈಗೆ ಸ್ಕಿನ್ ಜೊತೆ ಬರುವ ಜಾಳಿಗೆ ಹಾಳೆ ಹಚ್ಚಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿಡಿ. ಮನೆಯವರಿಗೆ ವಿಚಿತ್ರವೆನಿಸಬಹುದು, ಆದರೆ ನಮ್ಮ ಸೀಮೆಯಲ್ಲಿ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಸ್ಕೀ ಅಡಿಗೆ ಮೇಣವನ್ನು ದಪ್ಪಗೆ ಕರಗಿಸಿ ಹಚ್ಚಿ, ಉಕ್ಕಿನ ಅಂಚಿನ ಮೇಲೂ ಬರುವಂತೆ ಬಳಿದು, ಹೆರೆಯದೆ ಹಾಗೇ ಬಿಡಿ. ಮಳೆಗಾಲದ ತೇವಕ್ಕೆ ಅಂಚು ತುಕ್ಕು ಹಿಡಿಯುವುದು ತಪ್ಪುತ್ತದೆ. ಬೂಟಿನ ಬಕಲುಗಳನ್ನು ಸಡಿಲವಾಗಿ ಹಾಕಿಡಿ, ತೆರೆದಿಟ್ಟರೆ ಬೂಟಿನ ಪ್ಲಾಸ್ಟಿಕ್ ಚಿಪ್ಪು ಆಕಾರ ಕೆಡುತ್ತದೆ. ನಿಮ್ಮದು ಹಳೆಯ ಬೂಟಾದ್ದರಿಂದ ಚಿಪ್ಪನ್ನು ಬೆಳಕಿಗೆ ಹಿಡಿದು ಬಕಲಿನ ಮೊಳೆಗಳ ಸುತ್ತ, ಹಿಮ್ಮಡಿಯ ಬಳಿ ಕೂದಲೆಳೆಯ ಬಿರುಕು ಇದೆಯೇ ನೋಡಿ. ಪಾಲಿಯುರೆಥೇನ್ ಚಿಪ್ಪು ವಯಸ್ಸು, ತೇವ, ಕಾವು ಸೇರಿ ಒಳಗೇ ಸಾಯುತ್ತದೆ. ಹೊರಗೆ ಹೊಳೆಯುತ್ತಿದ್ದರೂ ಚಳಿಯಲ್ಲಿ ಫಟ್ಟನೆ ಒಡೆಯುತ್ತದೆ.

ಪರ್ವತದ ಮೇಲೆ ಸ್ಕಿನ್ ಕೈಕೊಡುವುದು ಬೇರೆ ಕಾರಣಕ್ಕೆ. ಕೂದಲು ನೀರು ಹೀರಿ, ಮುಂದೆ ನೆರಳಿನ ತಣ್ಣನೆಯ ಹಿಮ ಸಿಕ್ಕಾಗ ಅಡಿಗೆ ಹಿಮ ಮೆತ್ತಿಕೊಂಡು ಒಂದೊಂದು ಕಾಲೂ ಎರಡು ಮೂರು ಕಿಲೋ ಭಾರವಾಗುತ್ತದೆ. ಹೊರಡುವ ಮೊದಲೇ ಸ್ಕಿನ್ ಮೇಣವನ್ನು ಕೂದಲು ಮಲಗುವ ದಿಕ್ಕಿಗೆ ಉಜ್ಜಿಕೊಳ್ಳಿ. ಚೀಲದಲ್ಲಿ ಒಂದು ಒಣ ಹತ್ತಿ ಬಟ್ಟೆ ಇರಲಿ. ಎರಡನೇ ಸಲ ಅಂಟಿಸುವ ಮೊದಲು ಸ್ಕೀಯ ಅಡಿಯನ್ನು ಅದರಿಂದ ಒರೆಸದಿದ್ದರೆ ಅಂಟು ಹಿಡಿಯದು. ಆಗಲೂ ಬಿಟ್ಟರೆ ಎರಡು ರಬ್ಬರ್ ಪಟ್ಟಿಗಳಿಂದ ಸ್ಕೀ ಸಮೇತ ಬಿಗಿದು ಕಟ್ಟಿ ನಡೆಯಬಹುದು.

ಪ್ರಶ್ನೆ: ನನ್ನದು ಪಿನ್ ಬೈಂಡಿಂಗ್. ಅಂಗಡಿಯಲ್ಲಿ ಸರಿಯಾಗಿಯೇ ಕೂತಿತ್ತು, ಪರ್ವತದ ಮೇಲೆ ಮೂರು ಸಲ ಮುಂಗಾಲು ಕಳಚಿತು. (ಶಹಾಪುರ)

ಉತ್ತರ: ಪಿನ್ ಬೈಂಡಿಂಗ್ ಅಂದರೆ ಬೂಟನ್ನು ಪಿನ್ನುಗಳಿಂದ ಸ್ಕೀಗೆ ಹಿಡಿದಿಡುವ ಕೊಂಡಿ. ಬೇಸಿಗೆ ಆರಂಭದಲ್ಲಿ ಹಿಮ ಸಿಗುವ ತನಕ ಕೆಸರು, ಕಲ್ಲುಪುಡಿಯಲ್ಲೇ ಬೂಟು ಹಾಕಿ ನಡೆಯಬೇಕಾಗುತ್ತದೆ. ಬೂಟಿನ ಮೂತಿಯ ಎರಡೂ ಬದಿಗೆ ಪಿನ್ನು ಕೂರುವ ಸಣ್ಣ ಲೋಹದ ಗುಳಿಗಳಿವೆ. ಅವುಗಳಲ್ಲಿ ಕೆಸರು ತುಂಬಿದ್ದರೆ ಪಿನ್ನು ಅರ್ಧ ಮಾತ್ರ ಒಳಗೆ ಹೋಗುತ್ತದೆ. ಕೈಗೆ ಗಟ್ಟಿ ಎನಿಸಿದರೂ ಮೊದಲ ತಿರುವಿಗೇ ಬಿಡುತ್ತದೆ. ಒಂದು ಹಳೆಯ ಹಲ್ಲುಜ್ಜುವ ಬ್ರಶ್ಶಿನ ತುಂಡು ಜೇಬಿನಲ್ಲಿರಲಿ. ಇನ್ನೊಂದು ಕಾರಣ, ಬೈಂಡಿಂಗಿನ ಮುಂದಿನ ಸ್ಪ್ರಿಂಗಿನ ಅಡಿ ತುಳಿದು ಗಟ್ಟಿಯಾದ ಹಿಮ. ದವಡೆ ಪೂರ್ತಿ ಮುಚ್ಚದಂತೆ ಅದು ಒತ್ತಿ ಹಿಡಿಯುತ್ತದೆ. ಕೋಲಿನ ಮೊನೆಯಿಂದ ಕೆರೆದು ತೆಗೆಯಿರಿ.

ಮೂತಿ ಕೂರಿಸಿದ ಮೇಲೆ ಹಿಮ್ಮಡಿ ಹಾಕುವ ಮೊದಲು ಕಾಲನ್ನು ನಾಲ್ಕೈದು ಸಲ ಮೇಲೆ ಕೆಳಗೆ ಆಡಿಸಿ. ಗುಳಿಯೊಳಗೆ ಉಳಿದ ಕಸವನ್ನು ಪಿನ್ನೇ ಹೊರಗೆ ತಳ್ಳುತ್ತದೆ. ಹತ್ತುವಾಗ ಮುಂದಿನ ಲಿವರನ್ನು ಲಾಕ್ ಸ್ಥಾನಕ್ಕೆ ಎಳೆಯಿರಿ, ಇಳಿಯುವಾಗ ಮರೆಯದೆ ಸ್ಕೀ ಸ್ಥಾನಕ್ಕೆ ಬಿಡಿ. ಲಾಕ್ ಇದ್ದಂತೆಯೇ ಇಳಿದು ಬಿದ್ದರೆ ಸ್ಕೀ ಕಳಚದೆ ಮೊಣಕಾಲು ತಿರುಚುತ್ತದೆ. ಬಿದ್ದಾಗ ಬೂಟು ಎಷ್ಟು ಬಲಕ್ಕೆ ಕಳಚಬೇಕೆಂದು ಹೇಳುವ ಬಿಡುಗಡೆಯ ಅಂಕಿಯನ್ನು ಅಂದಾಜಿಗೆ ತಿರುಗಿಸಬೇಡಿ. ಅದು ನಿಮ್ಮ ತೂಕ, ಎತ್ತರ, ವಯಸ್ಸು, ಬೂಟಿನ ತಳದ ಉದ್ದ, ಸ್ಕೀ ಮಾಡುವ ರೀತಿ ಇಷ್ಟನ್ನೂ ನೋಡಿ ತಂತ್ರಜ್ಞರು ಇಡುವ ಅಂಕಿ.

ಪ್ರಶ್ನೆ: ಹಿಮಕುಸಿತ ಚಳಿಗಾಲದ ಮಾತಲ್ಲವೇ? ಜೂನಿನಲ್ಲೂ ಟ್ರಾನ್ಸೀವರ್ ಹೊರಬೇಕೆ? (ಹುಮನಾಬಾದ)

ಉತ್ತರ: ಹೊರಲೇಬೇಕು. ಹಿಮದಡಿ ಸಿಕ್ಕವರನ್ನು ಹುಡುಕಲು ಮೈಗೆ ಕಟ್ಟಿಕೊಳ್ಳುವ ರೇಡಿಯೋ ಉಪಕರಣ ಅದು. ನೀರು ಕುಡಿದ ಹಿಮ ನಿಧಾನವಾಗಿ ಸರಿಯುತ್ತದೆ, ಆದರೆ ಅದರ ಭಾರ ಬೇರೆ. ಒಂದು ಘನ ಮೀಟರ್ ಒದ್ದೆ ಹಿಮ ಐನೂರು ಕಿಲೋ ತೂಗಬಹುದು, ಅಂದರೆ ಐದು ಕ್ವಿಂಟಲ್ ಜೋಳ. ನಿಂತ ಕೂಡಲೇ ಗಾರೆಯಂತೆ ಗಟ್ಟಿಯಾಗುತ್ತದೆ, ಪ್ಲಾಸ್ಟಿಕ್ ಸಲಿಕೆ ಅದಕ್ಕೆ ಮುರಿಯುತ್ತದೆ. ಲೋಹದ ಸಲಿಕೆ, ಹಿಮದೊಳಗೆ ಚುಚ್ಚಿ ಹುಡುಕುವ ಕನಿಷ್ಠ 240 ಸೆಂಟಿಮೀಟರಿನ ಕೋಲು (ಪ್ರೋಬ್), ಮೂರು ಆಂಟೆನಾದ 457 ಕಿಲೋಹರ್ಟ್ಸ್ ಟ್ರಾನ್ಸೀವರ್, ಇವು ಮೂರೂ ಗುಂಪಿನ ಪ್ರತಿಯೊಬ್ಬರ ಬಳಿ ಇರಬೇಕು. ಹಿಮದಡಿ ಸಿಕ್ಕವರು ಬದುಕುವುದು ಬಹುಪಾಲು ಮೊದಲ ಹತ್ತು ಹದಿನೈದು ನಿಮಿಷದಲ್ಲಿ ಹೊರತೆಗೆದರೆ. ಊರಿಂದ ನೆರವು ಬರುವಷ್ಟು ಹೊತ್ತು ಅದಲ್ಲ. ಮೊಬೈಲನ್ನು ಟ್ರಾನ್ಸೀವರಿನಿಂದ 20 ಸೆಂಟಿಮೀಟರ್ ದೂರ ಇಡಿ, ಹುಡುಕುವಾಗ 50 ಸೆಂಟಿಮೀಟರ್. ಮನೆಗೆ ಬಂದ ಮೇಲೆ ಟ್ರಾನ್ಸೀವರಿನ ಸೆಲ್ ತೆಗೆದಿಡಿ, ಸೋರಿದರೆ ಉಪಕರಣ ಹೋಯಿತು.

ಮೇ ತಿಂಗಳಲ್ಲಿ ಪಶ್ಚಿಮದ ಮಾರುತಗಳಿಂದ ಒಮ್ಮೊಮ್ಮೆ ಒಂದಡಿ ಹೊಸ ಹಿಮ ಬೀಳುತ್ತದೆ. ಅದರ ಮೇಲೆ ಮೊದಲ ಬಿಸಿಲು ಬಿದ್ದ ದಿನ ಎಲ್ಲ ಇಳಿಜಾರುಗಳೂ ಅದನ್ನು ಕೊಡವಿಕೊಳ್ಳುತ್ತವೆ. ಒಂದೆರಡು ದಿನ, ಜೊತೆಗೆ ಒಂದು ಒಳ್ಳೆಯ ಹೆಪ್ಪಿನ ರಾತ್ರಿ ಕಳೆಯುವ ತನಕ ಕೆಳಗೇ ಇರಿ. ರಕ್ಷಣಾ ಇಲಾಖೆಯ ಡಿಜಿಆರ್‌ಇ ಸಂಸ್ಥೆ ಹಿಮಕುಸಿತದ ಎಚ್ಚರಿಕೆ ಕೊಡುತ್ತದೆ. ಅದು ಮುಖ್ಯವಾಗಿ ಚಳಿಗಾಲಕ್ಕೆ ಆದ್ದರಿಂದ ಬೇಸಿಗೆಯಲ್ಲಿ ನಿಮ್ಮ ಕಣ್ಣನ್ನೇ ನಂಬಬೇಕು. ಸ್ಯಾಟಲೈಟ್ ಫೋನನ್ನು ಪರವಾನಗಿ ಇಲ್ಲದೆ ಒಯ್ಯುವುದು ನಮ್ಮ ದೇಶದಲ್ಲಿ ಅಪರಾಧ. ಎಲ್ಲಿಗೆ ಹೋಗುತ್ತೀರಿ, ಎಷ್ಟೊತ್ತಿಗೆ ಬರುತ್ತೀರಿ ಎಂದು ಕೆಳಗೆ ಉಳಿಯುವ ಒಬ್ಬರ ಕೈಗೆ ಬರೆದುಕೊಡಿ.

ಪ್ರಶ್ನೆ: ನಾವು ಅಕ್ಕ–ತಂಗಿ ಇಬ್ಬರು ಟ್ರೆಕ್ಕಿಂಗ್ ಮಾಡಿದವರು, ಸ್ಕೀ ಮೆಟ್ಟಿದವರಲ್ಲ. ನೇರವಾಗಿ ಜೂನಿಗೆ ಹೋಗಬಹುದೆ? ಇಲ್ಲಿ ಏನು ತಯಾರಿ ಮಾಡಬೇಕು? (ಬಸವಕಲ್ಯಾಣ)

ಉತ್ತರ: ಈ ಜೂನಿಗೆ ಬೇಡ ಅಕ್ಕಾರ, ಮುಂದಿನ ಚಳಿಗಾಲಕ್ಕೆ ಮೊದಲು ಕಲಿಯಿರಿ. ಮನಾಲಿಯ ಅಟಲ್ ಬಿಹಾರಿ ವಾಜಪೇಯಿ ಪರ್ವತಾರೋಹಣ ಸಂಸ್ಥೆ ಮತ್ತು ಗುಲ್ಮಾರ್ಗಿನ ಭಾರತೀಯ ಸ್ಕೀಯಿಂಗ್ ಹಾಗೂ ಪರ್ವತಾರೋಹಣ ಸಂಸ್ಥೆ, ಎರಡೂ ಚಳಿಗಾಲದಲ್ಲಿ ಸ್ಕೀ ತರಬೇತಿ ನಡೆಸುತ್ತವೆ. ಎರಡೂ ಸ್ಕೀ ಜೋಡಿಯಾಗಿಟ್ಟು ಗಟ್ಟಿ ಹಿಮದಲ್ಲೂ ಮೆತ್ತನೆಯ ಹಿಮದಲ್ಲೂ ತಿರುಗಿ ನಿಲ್ಲುವಷ್ಟು ಹಿಡಿತ ಬಂದ ಮೇಲೆ, ಐಸ್ ಆಕ್ಸ್ (ಹಿಮದ ಕೊಡಲಿ) ಹಿಡಿದು ಜಾರುವಿಕೆ ತಡೆಯುವುದನ್ನು ಕಲಿತ ಮೇಲೆ, ಅನುಭವಿ ಮಾರ್ಗದರ್ಶಿ ಜೊತೆ ಬ್ಯಾಸಿಗಿ ಹಿಮಕ್ಕೆ ಹೋಗಿ.

ಇಳಿಯುವಾಗ ನೋಯುವುದು ತೊಡೆ. ಅದಕ್ಕೆ ಹತ್ತು ಕಿಲೋ ಚೀಲ ಹೊತ್ತು ಮೆಟ್ಟಿಲು ಹತ್ತುವುದಷ್ಟೇ ಅಲ್ಲ, ನಿಧಾನವಾಗಿ ಇಳಿಯುವ ಅಭ್ಯಾಸವೂ ಬೇಕು. ವಾರಕ್ಕೆ ಮೂರು ದಿನ, ಬೆಳಿಗ್ಗೆ ಐದಕ್ಕೆ, ಮುಕ್ಕಾಲು ತಾಸು. ಗೋಡೆಗೆ ಬೆನ್ನು ಕೊಟ್ಟು ಕುರ್ಚಿಯಂತೆ ಕೂರುವುದನ್ನು ಒಂದು ನಿಮಿಷದಿಂದ ಮೂರಕ್ಕೆ ಏರಿಸಿ. ಯಾದಗಿರಿ ಕಡೆಯವರಿಗೆ ಊರೊಳಗೇ ಕೋಟೆ ಬೆಟ್ಟ ಇದೆ, ಹತ್ತಿ ಇಳಿದರಾಯಿತು. ಎತ್ತರಕ್ಕೆ ಮಾತ್ರ ಇಲ್ಲಿ ತಯಾರಿ ಇಲ್ಲ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬೇಡಿ, ಮೂರು ನಾಲ್ಕು ದಿನಕ್ಕೊಮ್ಮೆ ಅಲ್ಲೇ ಉಳಿಯಿರಿ. ತಲೆನೋವಿನ ಜೊತೆ ವಾಕರಿಕೆ ಬಂದರೆ ಮೇಲೆ ಹೋಗುವುದು ಬೇಡ. ಕೂತಲ್ಲೇ ಏದುಸಿರು, ನಡೆಯುವಾಗ ತೂರಾಟ ಕಂಡರೆ ರಾತ್ರಿಯಾದರೂ ಕೆಳಗಿಳಿಸಬೇಕು.

ಬಿಸಿಲಿನ ವಿಷಯ ನಮಗೆ ಗೊತ್ತು ಎಂದು ತಿಳಿಯಬೇಡಿ. ಹೊಸ ಹಿಮ ನೇರಳಾತೀತ ಕಿರಣದ ನೂರಕ್ಕೆ ಎಂಬತ್ತರಷ್ಟನ್ನು ಕೆಳಗಿನಿಂದ ಮೇಲಕ್ಕೆ ತಿರುಗಿಸುತ್ತದೆ. ಗದ್ದದ ಅಡಿ, ಮೂಗಿನ ಹೊಳ್ಳೆಯ ಒಳ ಅಂಚು, ಕಿವಿಯ ಹಿಂದೆ ಕ್ರೀಮು ಹಚ್ಚಬೇಕು. ಕಣ್ಣಿಗೆ ಬದಿ ಮುಚ್ಚಿದ ಕಡುಗಪ್ಪು ಕನ್ನಡಕ. ಮೋಡದ ದಿನವೂ ತೆಗೆಯಬಾರದು.

ಪ್ರಶ್ನೆ: ಇಷ್ಟು ಸಾಮಾನು ರೈಲಿನಾಗ ಹ್ಯಾಂಗ ಒಯ್ಯೂದು? ಊಟದ ಬುತ್ತಿ ಏನು ಕಟ್ಟಬೇಕು? (ಆಳಂದ)

ಉತ್ತರ: ಯಾದಗಿರಿ, ವಾಡಿ, ಕಲಬುರಗಿ ಮೂರೂ ಕಡೆಯಿಂದ ಕರ್ನಾಟಕ ಎಕ್ಸ್‌ಪ್ರೆಸ್ ನೇರ ದಿಲ್ಲಿಗೆ ಹೋಗುತ್ತದೆ, ಅಲ್ಲಿಂದ ಮನಾಲಿಗೆ ಬಸ್ಸು. ಸ್ಕೀಗಳ ಅಡಿ ಅಡಿಗೆ ಸೇರಿಸಿ, ನಡುವೆ ಬಟ್ಟೆ ಇಟ್ಟು, ಎರಡು ಕಡೆ ಪಟ್ಟಿ ಬಿಗಿದು ಚೀಲಕ್ಕೆ ಹಾಕಿ. ಕ್ರಾಂಪಾನ್ ಹಲ್ಲುಗಳಿಗೆ ರಬ್ಬರ್ ಮುಚ್ಚಳ, ಐಸ್ ಆಕ್ಸಿನ ಮೊನೆಗೆ ಹಳೆಯ ಪೈಪಿನ ತುಂಡು. ಅಡುಗೆಯ ಗ್ಯಾಸ್ ಡಬ್ಬಿಯನ್ನು ರೈಲಿನಲ್ಲಿ ಒಯ್ಯುವಂತಿಲ್ಲ, ಮನಾಲಿಯಲ್ಲೇ ಕೊಳ್ಳಿ. ಬುತ್ತಿಗೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಶೇಂಗಾ ಹೋಳಿಗೆ ಚೆನ್ನ, ವಾರಗಟ್ಟಲೆ ಕೆಡುವುದಿಲ್ಲ. ಖಡಕ್ ರೊಟ್ಟಿಯನ್ನು ಚೀಲದಲ್ಲಿ ಹಾಗೇ ತುರುಕಿದರೆ ಪುಡಿಯಾಗುತ್ತದೆ, ಅಗಲದ ಡಬ್ಬಿಯಲ್ಲಿ ನಾಲ್ಕು ಚೂರು ಮಾಡಿ ಜೋಡಿಸಿ. ಹತ್ತುವಾಗ ತಾಸಿಗೊಮ್ಮೆ ಅರ್ಧ ಹೋಳಿಗೆ, ಒಂದೆರಡು ಗುಟುಕು ಬೆಚ್ಚನೆಯ ನೀರು. ಬಾಟಲಿಯನ್ನು ತಲೆಕೆಳಗಾಗಿ ಇಡಿ. ನೀರು ಮೇಲಿನಿಂದ ಹೆಪ್ಪುಗಟ್ಟುವುದರಿಂದ ಮುಚ್ಚಳದ ಬಾಯಿ ಕಟ್ಟಿಕೊಳ್ಳದು.